ಪಿಟ್ಸ್‌ಬರ್ಗ್: ಗುಡಿಗೆ ಹೋದವರು ಊರನ್ನೂ ನೋಡಿ ಬನ್ನಿ

ಮಕ್ಕಳ ಮನೆಗೆಂದು ಅಮೆರಿಕಕ್ಕೆ ಬಂದು ಹೋದ ಅಪ್ಪ-ಅಮ್ಮಂದಿರನ್ನು ಪಿಟ್ಸ್‌ಬರ್ಗ್ ಬಗ್ಗೆ ಕೇಳಿ ನೋಡಿ. "ಓ, ಹೋಗಿದ್ವಲ್ಲ, ವೆಂಕಟರಮಣನ ಗುಡಿ. ದರ್ಶನ ಚೆನ್ನಾಗಿ ಆಯ್ತು, ಪುಳಿಯೋಗರೆಯಂತೂ ಕೇಳಬೇಡಿ" ಅನ್ನುತ್ತಾರೆ. ಊರು ಹೇಗಿತ್ತು ಎಂದರೆ ಮುಖ ಮುಖ ನೋಡಿಕೊಳ್ಳುತ್ತಾರೆ. ಅವರದೇನೂ ತಪ್ಪಿಲ್ಲ. ನ್ಯೂಜೆರ್ಸಿ ಕಡೆಯಿಂದ ಪೆನ್ಸಿಲ್ವೇನಿಯಾ ಟರ್ನ್‌ಪೈಕ್ ಎಂಬ ಸುಂಕದ ಹೆದ್ದಾರಿ ಹಿಡಿದು ಬರುವವರು 57ನೇ ಎಕ್ಸಿಟ್‌ನಲ್ಲಿ ಇಳಿದರೆ ಗುಡಿ ಅಲ್ಲೇ ಹತ್ತಿರ, ಪೆನ್ ಹಿಲ್ಸ್ ಎಂಬ ಹೊರವಲಯದ ಗುಡ್ಡದ ಮೇಲೆ. ಊರಿನ ನಡುಭಾಗಕ್ಕೆ ಅಲ್ಲಿಂದ ಇನ್ನೂ ಹತ್ತು-ಹನ್ನೆರಡು ಮೈಲಿ ಹೋಗಬೇಕು. ಕೈಮುಗಿದು, ಉಂಡು, ಅದೇ ರಸ್ತೆಯಲ್ಲಿ ನಯಾಗರಕ್ಕೋ ಮನೆಗೋ ಹೊರಟುಬಿಡುತ್ತೇವೆ. ನಾನೂ ಎರಡು ಸಲ ಹಾಗೇ ಮಾಡಿದವನು.

ಮೂರನೆಯ ಸಲ ಅಪ್ಪ ಜೊತೆಗಿದ್ದರು. ಭದ್ರಾವತಿಯ ಕಬ್ಬಿಣದ ಕಾರ್ಖಾನೆಯಲ್ಲಿ ಮೂವತ್ತು ವರ್ಷ ದುಡಿದವರು. "ಪಿಟ್ಸ್‌ಬರ್ಗ್ ಅಂದ್ರೆ ಉಕ್ಕಿನ ಊರಲ್ವೇನೋ? ಗುಡಿ ನೋಡ್ಕೊಂಡು ವಾಪಸ್ ಹೋಗೋದಾ?" ಎಂದರು. ಅವತ್ತು ಉಳಿದುಕೊಂಡೆವು. ಆಮೇಲೆ ನೆಂಟರು, ಗೆಳೆಯರು ಎಂದು ಹಲವರನ್ನು ಕರೆದುಕೊಂಡು ಹೋಗಿದ್ದೇನೆ. ನ್ಯೂಯಾರ್ಕಿನ ನೂಕುನುಗ್ಗಲಿಲ್ಲದೆ, ಮೂರು ದಿನದಲ್ಲಿ ಪೂರ್ತಿ ಹಿಡಿತಕ್ಕೆ ಸಿಗುವಷ್ಟು ಊರು ಅದು. ಹೋಗುವುದಾದರೆ ಹೀಗೆ ಹೋಗಿ.

ದಿನ ಗೊತ್ತು ಮಾಡುವಾಗ

ಮೇ ಮಧ್ಯದಿಂದ ಜೂನ್, ಇಲ್ಲವೇ ಸೆಪ್ಟೆಂಬರ್ ಮಧ್ಯದಿಂದ ಅಕ್ಟೋಬರ್ ಕೊನೆ. ಎಲೆ ಬಣ್ಣಕ್ಕೆ ತಿರುಗುವುದನ್ನು ನೋಡಬೇಕಿದ್ದರೆ ಅಕ್ಟೋಬರ್ ನಡುವೆ. ಚಳಿಗಾಲ ಬೇಡವೇ ಬೇಡ. ಮೋಡ ಕವಿದ ಆಕಾಶ, ನದಿಯ ಮೇಲಿಂದ ಬರುವ ಕುಳಿರ್ಗಾಳಿ, ಜಾರುವ ಇಳಿಜಾರು ಬೀದಿ. ವಯಸ್ಸಾದವರಿಗೆ ಆಗುವುದಿಲ್ಲ.

ಟಿಕೆಟ್ ತೆಗೆಯುವ ಮುಂಚೆ ಎರಡು ಕ್ಯಾಲೆಂಡರ್ ನೋಡಿ. ಒಂದು, ಸ್ಟೀಲರ್ಸ್ ತಂಡದ ಅಮೆರಿಕನ್ ಫುಟ್ಬಾಲ್ ಪಂದ್ಯಗಳದ್ದು. ಸೆಪ್ಟೆಂಬರ್‌ನಿಂದ ಜನವರಿಯವರೆಗೆ ಊರಲ್ಲಿ ಪಂದ್ಯವಿರುವ ಭಾನುವಾರ ಹೋಟೆಲ್ ದರ ಏರಿರುತ್ತದೆ, ಕಾರು ನಿಲ್ಲಿಸಲು ಜಾಗವಿರುವುದಿಲ್ಲ. ಇನ್ನೊಂದು, ವಿಶ್ವವಿದ್ಯಾಲಯಗಳ ಪದವಿ ಪ್ರದಾನದ್ದು. ಪಿಟ್ಸ್‌ಬರ್ಗ್ ವಿಶ್ವವಿದ್ಯಾಲಯ, ಕಾರ್ನೆಗಿ ಮೆಲನ್ ಎರಡೂ ಒಂದೇ ಬಡಾವಣೆಯಲ್ಲಿವೆ, ಅಲ್ಲಿ ಓದುವ ನಮ್ಮ ಹುಡುಗರೂ ಬಹಳ. ಮೇ ತಿಂಗಳ ಆ ವಾರಾಂತ್ಯಗಳಲ್ಲಿ ಎಲ್ಲರ ಅಪ್ಪ-ಅಮ್ಮಂದಿರೂ ಬಂದಿಳಿದಿರುತ್ತಾರೆ.

ತಲುಪುವುದು

ಮಧ್ಯ ನ್ಯೂಜೆರ್ಸಿಯಿಂದ ಕಾರಿನಲ್ಲಿ ಸುಮಾರು ಆರು ಗಂಟೆ, ವಾಷಿಂಗ್ಟನ್‌ನಿಂದ ನಾಲ್ಕು, ಕ್ಲೀವ್‌ಲ್ಯಾಂಡ್‌ನಿಂದ ಎರಡು. ಟರ್ನ್‌ಪೈಕ್‌ನಲ್ಲಿ ಈಗ ನಗದು ತೆಗೆದುಕೊಳ್ಳುವುದಿಲ್ಲ. ಕಾರಿನಲ್ಲಿ ಈಝೀಪಾಸ್ (ನಮ್ಮ ಫಾಸ್ಟ್ಯಾಗ್‌ನಂಥದ್ದು) ಇದ್ದರೆ ಕಡಿಮೆ ದರ, ಇಲ್ಲದಿದ್ದರೆ ನಂಬರ್ ಪ್ಲೇಟಿನ ಫೋಟೊ ತೆಗೆದು ಬಿಲ್ ಕಳಿಸುತ್ತಾರೆ. ಬಾಡಿಗೆ ಕಾರಾದರೆ ಬಿಲ್ಲಿನ ಮೇಲೆ ಕಾರಿನ ಕಂಪನಿಯವರು ತಮ್ಮ ಶುಲ್ಕವನ್ನೂ ಸೇರಿಸುತ್ತಾರೆ, ಕಾರು ತೆಗೆದುಕೊಳ್ಳುವಾಗಲೇ ಕೇಳಿಕೊಳ್ಳಿ.

ಬಿಡುವಿದ್ದವರಿಗೆ ರೈಲೂ ಇದೆ. ನ್ಯೂಯಾರ್ಕಿನಿಂದ ದಿನಕ್ಕೊಂದು ಆಮ್‌ಟ್ರ್ಯಾಕ್ ರೈಲು, ಹೆಸರು ಪೆನ್ಸಿಲ್ವೇನಿಯನ್. ಒಂಬತ್ತು ಗಂಟೆಗೂ ಹೆಚ್ಚು ಹಿಡಿಯುತ್ತದೆ. ಆಲ್ಟೂನಾ ದಾಟುವಾಗ ಗುಡ್ಡದ ಮಗ್ಗುಲಲ್ಲಿ ಹಳಿ ಕುದುರೆ ಲಾಳದಂತೆ ಬಳಸಿ ಹೋಗುತ್ತದೆ. 1854ರಲ್ಲಿ ಕಟ್ಟಿದ ತಿರುವು. ಸಕಲೇಶಪುರದ ಘಾಟಿಯನ್ನು ರೈಲಿನಲ್ಲಿ ಇಳಿದವರು ಅಲ್ಲಿ ಕಿಟಕಿ ಬಿಟ್ಟು ಏಳಲಾರರು.

ವಿಮಾನದಲ್ಲಿ ಬಂದರೆ ನಿಲ್ದಾಣ ಊರಿನ ಪಶ್ಚಿಮಕ್ಕೆ ಹದಿನೇಳೆಂಟು ಮೈಲಿ ದೂರ. 2025ರ ನವೆಂಬರ್‌ನಲ್ಲಿ ಹೊಸ ಟರ್ಮಿನಲ್ ತೆರೆದಿದ್ದಾರೆ. ಟ್ಯಾಕ್ಸಿಗೆ ದುಡ್ಡು ಸುರಿಯಬೇಕಿಲ್ಲ: 28ಎಕ್ಸ್ ಎಂಬ ಬಸ್ಸು ನಿಲ್ದಾಣದಿಂದ ಡೌನ್‌ಟೌನ್ ಮೂಲಕ ವಿಶ್ವವಿದ್ಯಾಲಯಗಳಿರುವ ಓಕ್‌ಲ್ಯಾಂಡ್‌ವರೆಗೂ ಹೋಗುತ್ತದೆ. ಟಿಕೆಟ್ ಮೂರು ಡಾಲರ್ ಒಳಗೇ. ನಗದು ಕೊಡುವುದಾದರೆ ಸರಿಯಾದ ಚಿಲ್ಲರೆ ಹಿಡಿದಿರಿ, ಡ್ರೈವರ್ ಉಳಿಕೆ ಕೊಡುವುದಿಲ್ಲ.

ನೀವು ಯಾವ ದಿಕ್ಕಿನಿಂದ ಬಂದರೂ ಸರಿ, ಒಮ್ಮೆಯಾದರೂ ಫೋರ್ಟ್ ಪಿಟ್ ಸುರಂಗದಿಂದ ಊರಿಗೆ ಕಾಲಿಡಿ. ವಿಮಾನ ನಿಲ್ದಾಣದ ಕಡೆಯಿಂದ ಬರುವವರಿಗೆ ಅದು ದಾರಿಯಲ್ಲೇ ಸಿಗುತ್ತದೆ. ಗುಡ್ಡದ ಹೊಟ್ಟೆಯೊಳಗಿನ ಸುರಂಗ. ಅದು ಮುಗಿಯುವವರೆಗೂ ಊರಿನ ಸುಳಿವೇ ಇಲ್ಲ. ಮುಗಿದ ಕ್ಷಣ ನೀವು ಸೇತುವೆಯ ಮೇಲಿರುತ್ತೀರಿ, ಎದುರಿಗೆ ನದಿ, ಗೋಪುರ, ಹಳದಿ ಸೇತುವೆಗಳು ಒಟ್ಟಿಗೇ. ರಾತ್ರಿ ದೀಪ ಹೊತ್ತಿಸಿದ ಮೇಲಂತೂ ಇನ್ನೂ ಚೆಂದ. ಪೂರ್ವದ ಟರ್ನ್‌ಪೈಕ್ ಕಡೆಯಿಂದ ಬಂದವರು ಊರು ದಾಟಿ ಸುರಂಗದ ಆಚೆಗೆ ಹೋಗಿ, ಗ್ರೀನ್ ಟ್ರೀ ಹತ್ತಿರ ತಿರುಗಿಸಿಕೊಂಡು ಮತ್ತೆ ಬನ್ನಿ. ಹತ್ತು ನಿಮಿಷದ ಕೆಲಸ. ಕಾರು ಓಡಿಸುವವರಿಗೆ ಒಂದು ಮಾತು: ಆ ಸೇತುವೆಯ ಮೇಲೆ ಬೇಕಾದ ಲೇನಿಗೆ ಸೇರಲು ಸಿಗುವುದು ಕೆಲವೇ ಸೆಕೆಂಡು. ನಾನು ಮೊದಲ ಸಲ ನೋಟಕ್ಕೆ ಬಾಯಿಬಿಟ್ಟು ಲೇನ್ ತಪ್ಪಿ ನದಿಯ ಇನ್ನೊಂದು ಬದಿಗೆ ಹೋಗಿ, ಮತ್ತೊಂದು ಸೇತುವೆ ಹುಡುಕಿಕೊಂಡು ಬಂದೆ. ಸೇತುವೆಗೇನೂ ಬರವಿಲ್ಲ, ಈ ಊರಲ್ಲಿ 446 ಇವೆ ಎಂದು ಅಲ್ಲಿಯವರೇ ಲೆಕ್ಕ ಒಪ್ಪಿಸುತ್ತಾರೆ.

ಇನ್ನೂ ಒಂದಿದೆ, ಊರವರು ಅದನ್ನು "ಪಿಟ್ಸ್‌ಬರ್ಗ್ ಲೆಫ್ಟ್" ಎನ್ನುತ್ತಾರೆ. ಹಸಿರು ದೀಪ ಬಿದ್ದ ಕೂಡಲೇ ಎದುರಿನಿಂದ ಎಡಕ್ಕೆ ತಿರುಗುವವನು ನಿಮಗಿಂತ ಮುಂಚೆ ನುಗ್ಗಿಬಿಡುತ್ತಾನೆ. ಕಾನೂನಿನಲ್ಲಿಲ್ಲ, ರೂಢಿಯಲ್ಲಿದೆ. ಬೆಂಗಳೂರಿನಲ್ಲಿ ಗಾಡಿ ಓಡಿಸಿದವರಿಗೆ ಹೊಸದೇನಲ್ಲ, ಆದರೂ ದೀಪ ಬಿದ್ದ ತಕ್ಷಣ ಆಕ್ಸಿಲರೇಟರ್ ಒತ್ತಬೇಡಿ.

ಎಲ್ಲಿ ಉಳಿಯಬೇಕು

ಗುಡಿಯೇ ಮುಖ್ಯ, ಖರ್ಚೂ ಕಡಿಮೆ ಇರಲಿ ಎಂದರೆ ಗುಡಿಯ ಹತ್ತಿರದ ಮನ್ರೋವಿಲ್. ಅಲ್ಲಿ ಕಾರು ನಿಲ್ಲಿಸಲು ದುಡ್ಡಿಲ್ಲ, ಭಾರತೀಯ ಅಂಗಡಿ-ಊಟವೂ ಸಿಗುತ್ತದೆ. ಆದರೆ ಅಲ್ಲಿಂದ ಊರಿಗೆ ಬರುವ ದಾರಿಯಲ್ಲಿ ಸ್ಕ್ವಿರಲ್ ಹಿಲ್ ಸುರಂಗವಿದೆ. ಬೆಳಿಗ್ಗೆ ಸಂಜೆ ಅದರ ಬಾಯಲ್ಲಿ ಕಾರುಗಳು ಆಮೆಯಂತೆ ತೆವಳುತ್ತವೆ. ನನ್ನ ಮಾತು ಕೇಳುವುದಾದರೆ ಡೌನ್‌ಟೌನ್ ಅಥವಾ ನದಿಯಾಚೆಯ ನಾರ್ತ್ ಶೋರ್‌ನಲ್ಲಿ ಉಳಿಯಿರಿ. ಪಾರ್ಕಿಂಗ್‌ಗೆ ಬೇರೆ ದುಡ್ಡು ತೆರಬೇಕು ನಿಜ, ಆದರೆ ಕಾರನ್ನು ಅಲ್ಲೇ ಬಿಟ್ಟು ಎರಡು ದಿನ ಕಾಲಲ್ಲೇ ಓಡಾಡಬಹುದು. ಅಮೆರಿಕದಲ್ಲಿ ಹಾಗೆ ಓಡಾಡಬಹುದಾದ ಊರು ಎಷ್ಟಿವೆ ಹೇಳಿ. ಕೋಣೆಯ ದರದ ಮೇಲೆ 14 ಪ್ರತಿಶತ ತೆರಿಗೆ ಬೀಳುತ್ತದೆ, ಮೊದಲೇ ಲೆಕ್ಕ ಹಾಕಿಕೊಳ್ಳಿ.

ಡೌನ್‌ಟೌನ್‌ನಲ್ಲಿ "ಟಿ" ಎಂಬ ಲಘು ರೈಲು ಓಡುತ್ತದೆ. ಫಸ್ಟ್ ಅವೆನ್ಯೂ ನಿಲ್ದಾಣದಿಂದ ನದಿಯ ಕೆಳಗಿನ ಸುರಂಗ ದಾಟಿ ನಾರ್ತ್ ಶೋರ್‌ನ ಅಲೆಗೆನಿ ನಿಲ್ದಾಣದವರೆಗೆ ಟಿಕೆಟ್ಟೇ ಬೇಡ. ಅಮ್ಮ ಅದನ್ನು ನಂಬಲಿಲ್ಲ. ಇಳಿಯುವವರೆಗೂ ಪರ್ಸು ಕೈಯಲ್ಲೇ ಹಿಡಿದಿದ್ದರು.

ಮೊದಲ ದಿನ: ಕೆಳಗಿನಿಂದ ಒಮ್ಮೆ, ಮೇಲಿನಿಂದ ಒಮ್ಮೆ

ಮಧ್ಯಾಹ್ನ ತಲುಪಿ ಸ್ವಲ್ಪ ಸುಧಾರಿಸಿಕೊಂಡ ಮೇಲೆ ನೇರ ಪಾಯಿಂಟ್ ಸ್ಟೇಟ್ ಪಾರ್ಕ್‌ಗೆ ಹೋಗಿ. ಪ್ರವೇಶಕ್ಕೆ ಹಣವಿಲ್ಲ. ಊರಿನ ಮೂತಿಯಂತೆ ಚಾಚಿದ ಜಾಗ. ಎಡಕ್ಕೆ ಮನಾಂಗಹೀಲಾ, ಬಲಕ್ಕೆ ಅಲೆಗೆನಿ, ಎರಡೂ ಸೇರಿ ಮುಂದೆ ಒಹಾಯೊ ನದಿ. ಕೂಡ್ಲಿಯಲ್ಲಿ ತುಂಗೆ ಭದ್ರೆ ಕೂಡಿ ತುಂಗಭದ್ರೆ ಆಗುವುದನ್ನು ಕಂಡವರಿಗೆ ಹೆಚ್ಚು ವಿವರಿಸಬೇಕಿಲ್ಲ. ಅಪ್ಪ ಬಗ್ಗಿ ನೀರು ಮುಟ್ಟಿ ಕಣ್ಣಿಗೆ ಒತ್ತಿಕೊಂಡರು, ಪಕ್ಕದಲ್ಲಿ ಮೀನು ಹಿಡಿಯುತ್ತಿದ್ದವನು ಏನಾಯಿತೆಂದು ಗಾಬರಿಯಾಗಿ ನೋಡಿದ.

ಈ ತುದಿಗಾಗಿಯೇ ಹದಿನೆಂಟನೇ ಶತಮಾನದಲ್ಲಿ ಫ್ರೆಂಚರೂ ಇಂಗ್ಲಿಷರೂ ಬಡಿದಾಡಿದ್ದು. ನದಿಗಳು ಕೂಡುವ ಜಾಗ ಯಾರ ಕೈಯಲ್ಲಿದೆಯೋ ಒಳನಾಡಿನ ವ್ಯಾಪಾರ ಅವರದು. ಫ್ರೆಂಚರ ಕೋಟೆ ಹೋಗಿ ಇಂಗ್ಲಿಷರ ಫೋರ್ಟ್ ಪಿಟ್ ಬಂತು, ಊರಿನ ಹೆಸರೂ ಅದರ ಜೊತೆಗೆ. ಕೋಟೆಯ ಕಾಲದ ಒಂದು ಪುಟ್ಟ ಇಟ್ಟಿಗೆ ಕಟ್ಟಡ ಮಾತ್ರ ಉಳಿದಿದೆ, 1764ರದು. ಐದು ನಿಮಿಷ ಸಾಕು.

ಸಂಜೆಯಾಗುತ್ತಿದ್ದಂತೆ ಮೌಂಟ್ ವಾಷಿಂಗ್ಟನ್ ಹತ್ತಿ. ಅವಸರ ಮಾಡಬೇಡಿ, ಇಡೀ ಪ್ರವಾಸದಲ್ಲಿ ಹೆಚ್ಚು ಹೊತ್ತು ಕೊಡಬೇಕಾದ ಜಾಗ ಇದು. ಹಿಂದೆ ಇದಕ್ಕೆ ಕಲ್ಲಿದ್ದಲ ಗುಡ್ಡ ಎಂದೇ ಹೆಸರು. ಮೇಲೆ ಮನೆ, ಕೆಳಗೆ ನದಿ ದಂಡೆಯಲ್ಲಿ ಕಾರ್ಖಾನೆ. ದುಡಿಯುವ ಜನ ದಿನಾ ಏರಿ ಇಳಿಯಬೇಕು. ಅದಕ್ಕೆಂದು ಗುಡ್ಡದ ಮೈಗೆ ಹಳಿ ಹಾಕಿ, ಉಕ್ಕಿನ ಹಗ್ಗದಲ್ಲಿ ಡಬ್ಬಿಗಳನ್ನು ಎಳೆಯುವ ಏರ್ಪಾಟು ಮಾಡಿದರು. ಇಂಕ್ಲೈನ್ ಎಂದು ಅದರ ಹೆಸರು. ಬಾವಿಯ ರಾಟೆಯ ಎರಡು ಕೊಡಗಳಂತೆ ಒಂದು ಮೇಲೆ ಬಂದರೆ ಇನ್ನೊಂದು ಕೆಳಗಿಳಿಯುತ್ತದೆ. ಒಂದು ಕಾಲಕ್ಕೆ ಹದಿನೈದಕ್ಕೂ ಹೆಚ್ಚಿದ್ದವು, ಈಗ ಉಳಿದಿರುವುದು ಎರಡು: 1870ರ ಮನಾಂಗಹೀಲಾ, 1877ರ ಡುಕೇನ್. ಎರಡೂ ಕೆಲವೇ ಡಾಲರ್‌ನ ಪ್ರಯಾಣ.

ಮನಾಂಗಹೀಲಾ ಇಂಕ್ಲೈನ್ ಸ್ಟೇಷನ್ ಸ್ಕ್ವೇರ್ ಎದುರಿಗೇ ಇದೆ, ಊರ ಬಸ್ಸಿನವರೇ ನಡೆಸುತ್ತಾರೆ. ಡುಕೇನ್ ಇಂಕ್ಲೈನನ್ನು 1960ರ ದಶಕದಲ್ಲಿ ಮುಚ್ಚಿದಾಗ ಗುಡ್ಡದ ಮೇಲಿನ ನಿವಾಸಿಗಳೇ ಚಂದಾ ಎತ್ತಿ ಉಳಿಸಿಕೊಂಡರು. ಅದರ ಡಬ್ಬಿಯ ಒಳಗಿನ ಮರದ ಕೆಲಸ ಇನ್ನೂ ಹಳೆಯದೇ. ಒಂದನ್ನೇ ಆರಿಸುವುದಾದರೆ ಡುಕೇನ್ ಆರಿಸಿ. ಮೂರು ನದಿ ಕೂಡುವುದು ಅದರ ಮೇಲಿನ ಕಟ್ಟೆಯಿಂದ ನೇರ ಎದುರಿಗೆ ಕಾಣುತ್ತದೆ, ಹಗ್ಗ ಸುತ್ತುವ ಯಂತ್ರವನ್ನೂ ನೋಡಬಹುದು. ನಡೆಯಬಲ್ಲವರು ಒಂದರಲ್ಲಿ ಹತ್ತಿ, ಗ್ರ್ಯಾಂಡ್‌ವ್ಯೂ ಅವೆನ್ಯೂ ಮೇಲೆ ಸುಮಾರು ಒಂದು ಮೈಲಿ ನಡೆದು, ಇನ್ನೊಂದರಲ್ಲಿ ಇಳಿಯಿರಿ. ಸೂರ್ಯ ಮುಳುಗುವುದಕ್ಕೆ ಅರ್ಧ ಗಂಟೆ ಮುಂಚೆ ಮೇಲಿದ್ದರೆ ಹಗಲಿನ ಊರು, ದೀಪದ ಊರು ಎರಡೂ ಸಿಗುತ್ತವೆ. ಬೇಸಿಗೆಯಲ್ಲೂ ಅಮ್ಮಂದಿರಿಗೆ ಒಂದು ಸ್ವೆಟರ್ ಇರಲಿ.

ಎರಡನೆಯ ದಿನ: ಸಂತೆ, ಆಮೇಲೆ ಓಕ್‌ಲ್ಯಾಂಡ್

ಇದನ್ನು ಶನಿವಾರಕ್ಕೆ ಇಟ್ಟುಕೊಳ್ಳಿ. ಬೆಳಿಗ್ಗೆ ಒಂಬತ್ತರ ಹೊತ್ತಿಗೆ ಸ್ಟ್ರಿಪ್ ಡಿಸ್ಟ್ರಿಕ್ಟ್. ಹೆಸರು ಕೇಳಿ ಮುಜುಗರ ಬೇಡ. ನದಿ ದಂಡೆಯ ಪಟ್ಟಿಯಂಥ ಜಾಗ, ಹಿಂದೆ ಸಗಟು ತರಕಾರಿ ಮಂಡಿ ಇದ್ದ ಬೀದಿ. ಪೆನ್ ಅವೆನ್ಯೂ ಉದ್ದಕ್ಕೂ ಇಟಲಿಯವರ ಅಂಗಡಿ, ಪೋಲೆಂಡಿನವರ ಅಂಗಡಿ, ಏಷ್ಯಾದವರ ಅಂಗಡಿ, ಪಾದಚಾರಿ ದಾರಿಯ ಮೇಲೇ ಹರಡಿದ ಟೀಶರ್ಟು, ಹೂವು. ಅಮೆರಿಕದಲ್ಲಿ ಸಂತೆಯ ಗದ್ದಲ ಸಿಗುವುದಿಲ್ಲ ಎಂದು ಕೊರಗುವವರಿಗೆ ಇಲ್ಲಿ ಸಮಾಧಾನ. 1902ರಿಂದ ನಡೆಯುತ್ತಿರುವ ಪೆನ್ಸಿಲ್ವೇನಿಯಾ ಮ್ಯಾಕರೋನಿ ಕಂಪನಿಯ ಅಂಗಡಿ ಸುಮ್ಮನೆ ಒಳಹೊಕ್ಕು ಬರಲಿಕ್ಕಾದರೂ ಸರಿ. ಮೀನಿನ ವಾಸನೆ ಆಗದವರು ಹೋಲೀಸ್ ಅಂಗಡಿಯ ಮುಂದೆ ಸ್ವಲ್ಪ ಬೇಗ ಹೆಜ್ಜೆ ಹಾಕಿ.

ಊರಿನ ತಿಂಡಿ ಎಂದರೆ ಪ್ರಿಮ್ಯಾಂಟಿ ಸ್ಯಾಂಡ್‌ವಿಚ್. ಆಲೂಗಡ್ಡೆ ಫ್ರೈಸ್, ಎಲೆಕೋಸಿನ ಕೋಸಂಬರಿಯಂಥದ್ದು, ಎಲ್ಲವನ್ನೂ ಬ್ರೆಡ್ಡಿನ ಒಳಗೇ ತುರುಕಿ ಕೊಡುತ್ತಾರೆ. ಸಾಮಾನ್ಯವಾಗಿ ಮಾಂಸದ್ದು, ಮೊಟ್ಟೆ-ಚೀಸ್ ಸಾಕು ಎಂದು ಹೇಳಿದರೆ ಹಾಗೂ ಮಾಡಿಕೊಡುತ್ತಾರೆ. ಸಸ್ಯಾಹಾರಿಗಳಿಗೆ ನಾನು ಹೇಳುವುದು ಪಿರೋಗಿ. ಆಲೂಗಡ್ಡೆ, ಚೀಸ್ ಹೂರಣ ತುಂಬಿ, ಕರ್ಜಿಕಾಯಿ ಆಕಾರಕ್ಕೆ ಮಡಚಿ ಬೇಯಿಸಿ, ಬೆಣ್ಣೆ ಈರುಳ್ಳಿಯಲ್ಲಿ ಬಾಡಿಸಿದ್ದು. ಪೂರ್ವ ಯುರೋಪಿನಿಂದ ಬಂದ ಗಣಿ-ಕಾರ್ಖಾನೆ ಕೆಲಸಗಾರರು ತಂದ ಅಡುಗೆ. ಮೇಲೆ ಬೇಕನ್ ಉದುರಿಸಬೇಡಿ ಎಂದು ಮೊದಲೇ ಹೇಳಿ, ಕೆಲವು ಕಡೆ ಕೇಳದೆಯೇ ಹಾಕುತ್ತಾರೆ. ಇಲ್ಲಿ ಸಲಾಡ್ ಕೇಳಿದರೂ ಮೇಲೊಂದು ಹಿಡಿ ಫ್ರೈಸ್ ಬರುತ್ತದೆ, ಬೆಚ್ಚಬೇಡಿ. ಕೂತು ಉಂಡರೆ 18ರಿಂದ 20 ಪ್ರತಿಶತ ಟಿಪ್ಸ್.

ಮಧ್ಯಾಹ್ನ 61 ಅಥವಾ 71ರ ಸಾಲಿನ ಬಸ್ಸು ಹತ್ತಿ ಓಕ್‌ಲ್ಯಾಂಡ್. ಆಕಾಶಕ್ಕೆ ನೆಟ್ಟಂತಿರುವ 42 ಅಂತಸ್ತಿನ ಕಲ್ಲಿನ ಕಟ್ಟಡ ದೂರದಿಂದಲೇ ಕಾಣುತ್ತದೆ. ಕೆಥೆಡ್ರಲ್ ಆಫ್ ಲರ್ನಿಂಗ್, ಪಿಟ್ಸ್‌ಬರ್ಗ್ ವಿಶ್ವವಿದ್ಯಾಲಯದ್ದು. 1926ರಲ್ಲಿ ಕೆಲಸ ಶುರುವಾದ ಇದಕ್ಕೆ ಶಾಲಾ ಮಕ್ಕಳು ತಲಾ ಹತ್ತು ಸೆಂಟ್ ಕೊಟ್ಟು ಒಂದೊಂದು ಇಟ್ಟಿಗೆ "ಕೊಂಡರು". ಒಳಗಿನ ಎತ್ತರದ ಹಜಾರದಲ್ಲಿ ಈಗಲೂ ವಿದ್ಯಾರ್ಥಿಗಳು ಓದುತ್ತಾ ಕೂತಿರುತ್ತಾರೆ. ಫೋಟೊ ತೆಗೆಯಿರಿ, ಗಟ್ಟಿಯಾಗಿ ಮಾತಾಡಬೇಡಿ. ಸುತ್ತ ಒಂದೊಂದು ನಾಡಿನವರು ತಮ್ಮ ಶೈಲಿಯಲ್ಲಿ ಅಲಂಕರಿಸಿದ ಮೂವತ್ತೊಂದು ಕೋಣೆಗಳಿವೆ. ಭಾರತದ ಕೋಣೆ ನಳಂದದ ವಿದ್ಯಾಪೀಠವನ್ನು ನೆನಪಿಸುವಂತೆ ಇಟ್ಟಿಗೆಯಲ್ಲಿ ಕಟ್ಟಿದ್ದು. ಇವು ನಿಜವಾದ ತರಗತಿ ಕೋಣೆಗಳು, ವಾರದ ದಿನಗಳಲ್ಲಿ ಪಾಠ ನಡೆಯುತ್ತಿರುತ್ತದೆ. ಶನಿವಾರವೇ ಬನ್ನಿ ಎಂದದ್ದು ಇದಕ್ಕೂ ಸೇರಿಸಿ.

ಎದುರಿಗೇ ಕಾರ್ನೆಗಿ ವಸ್ತುಸಂಗ್ರಹಾಲಯ. ಒಂದೇ ಟಿಕೆಟ್ಟಿನಲ್ಲಿ ಕಲೆಯ ಭಾಗವೂ ಪ್ರಕೃತಿ ಇತಿಹಾಸದ ಭಾಗವೂ. ಮಕ್ಕಳಿದ್ದರೆ ನೇರ ಡೈನೋಸಾರ್ ಹಜಾರಕ್ಕೆ. ಟಿ. ರೆಕ್ಸ್ ಎಂಬ ಜಾತಿಗೆ ಹೆಸರಿಡಲು ಆಧಾರವಾದ ಮೊದಲ ಅಸ್ಥಿಪಂಜರ ಇಲ್ಲಿದೆ, 1941ರಲ್ಲಿ ನ್ಯೂಯಾರ್ಕಿನಿಂದ ಕೊಂಡು ತಂದದ್ದು. ಸಾಮಾನ್ಯವಾಗಿ ಮಂಗಳವಾರ ರಜೆ. ನಾರ್ತ್ ಶೋರ್‌ನಲ್ಲಿರುವ ಆಂಡಿ ವಾರ್ಹಾಲ್ ಮ್ಯೂಸಿಯಂ ಬಗ್ಗೆ ಎಲ್ಲ ಕೈಪಿಡಿಗಳೂ ಹೊಗಳುತ್ತವೆ. ಪಾಪ್ ಆರ್ಟ್‌ಗೆ ಹೆಸರಾದ ಆ ಕಲಾವಿದ ಇದೇ ಊರಲ್ಲಿ 1928ರಲ್ಲಿ ಹುಟ್ಟಿದವನು. ಕಲೆಯ ಹುಚ್ಚಿದ್ದವರು ಹೋಗಿ, ಏಳು ಅಂತಸ್ತು ಸುತ್ತಿದ ಮೇಲೆ ಅಪ್ಪ ಕೇಳಿದ್ದು ಒಂದೇ, "ಕಾಫಿ ಎಲ್ಲಿ ಸಿಗುತ್ತೆ?"

ಏಪ್ರಿಲ್‌ನಿಂದ ಸೆಪ್ಟೆಂಬರ್ ಒಳಗಾದರೆ ಸಂಜೆ ಪಿಎನ್‌ಸಿ ಪಾರ್ಕ್‌ನಲ್ಲಿ ಬೇಸ್‌ಬಾಲ್ ನೋಡಿ. ಆಟ ಅರ್ಥವಾಗದಿದ್ದರೂ ನಡೆಯುತ್ತದೆ. ಆಟಗಾರರ ಬೆನ್ನ ಹಿಂದೆ ನದಿ, ಹಳದಿ ಸೇತುವೆ, ಗೋಪುರಗಳ ಸಾಲು. ಪಂದ್ಯದ ದಿನ ರಾಬರ್ಟೊ ಕ್ಲೆಮೆಂಟೆ ಸೇತುವೆಯ ಮೇಲೆ ವಾಹನ ಬಿಡುವುದಿಲ್ಲ, ಡೌನ್‌ಟೌನ್‌ನಿಂದ ಜನ ಜಾತ್ರೆಯಂತೆ ನಡೆದೇ ಹೋಗುತ್ತಾರೆ.

ಮೂರನೆಯ ದಿನ: ಕುಲುಮೆ ಮತ್ತು ಗುಡಿ

ಕ್ಯಾರಿ ಫರ್ನೇಸಸ್ ಎಂಬ ಹಳೆಯ ಊದುಕುಲುಮೆಗಳು ಊರಿನ ಪೂರ್ವಕ್ಕೆ, ಮನಾಂಗಹೀಲಾ ದಂಡೆಯಲ್ಲಿವೆ. ನದಿಯಾಚೆಯ ಹೋಮ್‌ಸ್ಟೆಡ್ ಉಕ್ಕಿನ ಕಾರ್ಖಾನೆಗೆ ಇಲ್ಲಿಂದಲೇ ಕರಗಿದ ಕಬ್ಬಿಣ ಸೇತುವೆಯ ಮೇಲೆ ಹೋಗುತ್ತಿತ್ತು. ಉಳಿದಿರುವ ಎರಡು ಕುಲುಮೆಗಳು 92 ಅಡಿ ಎತ್ತರ. ಮೇ ತಿಂಗಳಿಂದ ಅಕ್ಟೋಬರ್‌ವರೆಗೆ ಮಾರ್ಗದರ್ಶಕರೊಂದಿಗೆ ನೋಡಬಹುದು. ರಿವರ್ಸ್ ಆಫ್ ಸ್ಟೀಲ್ ಎಂಬ ಸಂಸ್ಥೆ ನಡೆಸುತ್ತದೆ. ಟಿಕೆಟ್ಟನ್ನು ಆನ್‌ಲೈನಲ್ಲಿ ಮೊದಲೇ ತೆಗೆದು, ಅದು ಸಿಕ್ಕ ದಿನಕ್ಕೆ ತಕ್ಕಂತೆ ಉಳಿದದ್ದನ್ನು ಹಿಂದೆ ಮುಂದೆ ಮಾಡಿಕೊಳ್ಳಿ. ಕಾಲು ಪೂರ್ತಿ ಮುಚ್ಚುವ ಶೂ ಬೇಕೇ ಬೇಕು, ಚಪ್ಪಲಿಯಲ್ಲಿ ಒಳಗೆ ಬಿಡುವುದಿಲ್ಲ. ಸುಮಾರು ಎರಡು ಗಂಟೆ ನಿಂತು ನಡೆಯುವುದಿರುತ್ತದೆ, ನೆಲ ಒರಟು. ಮಂಡಿ ನೋವಿದ್ದವರು ಗುಡಿಯಲ್ಲೇ ಇರಲಿ.

ಮಾರ್ಗದರ್ಶಕರು ಅದಿರು, ಕೋಕ್, ಸುಣ್ಣದ ಕಲ್ಲು ಎಂದು ವಿವರಿಸುತ್ತಿದ್ದರೆ ಅಪ್ಪ ಅವರಿಗಿಂತ ಮುಂದಿದ್ದರು. ಬಿಸಿಗಾಳಿ ಎಲ್ಲಿಂದ ಊದುತ್ತಿದ್ದರು, ಕಿಟ್ಟ ಯಾವ ಬಾಯಿಂದ ಹೊರಗೆ ಬೀಳುತ್ತಿತ್ತು ಎಂದು ಕನ್ನಡದಲ್ಲೇ ಬೆರಳು ಮಾಡಿ ತೋರಿಸಿದರು, ನಾನು ಇಂಗ್ಲಿಷಿಗೆ ತಿರುಗಿಸಿದೆ. ಕೊನೆಗೆ ಮಾರ್ಗದರ್ಶಕರೇ ಪ್ರಶ್ನೆ ಕೇಳಲು ಶುರು ಮಾಡಿದರು. 1950ರಲ್ಲಿ ಈ ನಗರದಲ್ಲಿ ಆರು ಲಕ್ಷ 76 ಸಾವಿರ ಜನರಿದ್ದರು, 2020ರ ಜನಗಣತಿಯಲ್ಲಿ ಮೂರು ಲಕ್ಷದ ಮೂರು ಸಾವಿರದಷ್ಟು. ಅದರ ಹಿಂದೆ ಏನು ನಡೆಯಿತು ಎಂಬುದು ತಣ್ಣಗಾದ ಈ ಕುಲುಮೆಯ ಕೆಳಗೆ ನಿಂತರೆ ತಿಳಿಯುತ್ತದೆ. ಹೋಮ್‌ಸ್ಟೆಡ್ ಕಾರ್ಖಾನೆಯ ಜಾಗದಲ್ಲಿ ಈಗ ಅಂಗಡಿ ಮಳಿಗೆಗಳು, ಮಧ್ಯೆ ಸಾಲಾಗಿ ನಿಂತ ಹನ್ನೆರಡು ಇಟ್ಟಿಗೆ ಚಿಮಣಿಗಳು. 1892ರ ಮುಷ್ಕರದಲ್ಲಿ ಕಂಪನಿಯ ಬಾಡಿಗೆ ಬಂಟರಿಗೂ ಕೆಲಸಗಾರರಿಗೂ ಗುಂಡಿನ ಕಾಳಗ ನಡೆದದ್ದು ಅಲ್ಲೇ ನದಿ ದಂಡೆಯ ಪಂಪ್‌ಹೌಸ್ ಬಳಿ. ಬಟ್ಟೆ ಕೊಳ್ಳುವುದಿದ್ದರೆ ಇಲ್ಲೇ ಮುಗಿಸಿಕೊಳ್ಳಿ, ಪೆನ್ಸಿಲ್ವೇನಿಯಾದಲ್ಲಿ ಉಡುಪಿಗೆ ಮಾರಾಟ ತೆರಿಗೆ ಇಲ್ಲ.

ಫ್ರ್ಯಾಂಕ್ ಲಾಯ್ಡ್ ರೈಟ್ ಜಲಪಾತದ ಮೇಲೇ ಕಟ್ಟಿದ ಫಾಲಿಂಗ್‌ವಾಟರ್ ಮನೆ ಆಗ್ನೇಯಕ್ಕೆ ಒಂದೂವರೆ ಗಂಟೆಯ ದಾರಿ. ನೋಡುವಂಥದ್ದೇ. ಆದರೆ ಅದಕ್ಕೆ ಬೇರೆಯೇ ಒಂದು ದಿನ ಬೇಕು, ಟಿಕೆಟ್ಟನ್ನು ವಾರಗಟ್ಟಲೆ ಮುಂಚೆ ತೆಗೆಯಬೇಕು, ತೀರಾ ಚಿಕ್ಕ ಮಕ್ಕಳನ್ನು ಒಳಗೆ ಬಿಡುವುದಿಲ್ಲ. ಮೂರು ದಿನದಲ್ಲಿ ತುರುಕಬೇಡಿ.

ಗುಡಿಯನ್ನು ಕೊನೆಗಿಟ್ಟದ್ದು ಅನುಕೂಲಕ್ಕೆ. ಅದು ಹೇಗೂ ವಾಪಸ್ ಹೋಗುವ ದಾರಿಯಲ್ಲೇ ಇದೆ, ಮಧ್ಯಾಹ್ನದ ಊಟದ ಚಿಂತೆಯೂ ತೀರುತ್ತದೆ. 1970ರ ದಶಕದಲ್ಲಿ, ಅಮೆರಿಕದಲ್ಲಿ ಇಂಥ ಗೋಪುರಗಳು ಬೆರಳೆಣಿಕೆಗೂ ಇಲ್ಲದಿದ್ದಾಗ ಕಟ್ಟಿದ ಗುಡಿ. ವಾರದ ದಿನಗಳಲ್ಲಿ ಮಧ್ಯಾಹ್ನ ಬಾಗಿಲು ಹಾಕುವ ಹೊತ್ತಿರುತ್ತದೆ, ಹೊರಡುವ ಮುಂಚೆ ಅವರ ವೆಬ್‌ಸೈಟಿನಲ್ಲಿ ಸಮಯ ನೋಡಿಕೊಳ್ಳಿ. ಕ್ಯಾಂಟೀನಿನಲ್ಲಿ ಉಂಡ ಮೇಲೆ ದಾರಿಗೆಂದು ಪುಳಿಯೋಗರೆ ಕಟ್ಟಿಸಿಕೊಳ್ಳಿ. ಮೊಸರನ್ನ ಅಲ್ಲೇ ತಿಂದು ಮುಗಿಸಿ. ಆರು ಗಂಟೆ ಕಾರಿನಲ್ಲಿಟ್ಟರೆ ಮನೆ ಮುಟ್ಟುವಷ್ಟರಲ್ಲಿ ಹುಳಿಯಾಗಿರುತ್ತದೆ.